ಸಕ್ಕರೆಯ ಟ್ರಾಕ್ಟರ್

ಹೊಸಕೋಟೆಯ ಟ್ರಾಕ್ಟರ್ ಷೋರೂಮ್ ಒಂದರಲ್ಲಿ ನಾನು ಗಿರಾಕಿಗಳ ವಿಚಾರಣೆಯ ಮೇಜಿನ ಬಳಿ ಕೂರುತ್ತೇನೆ. ಕಳೆದ ವರ್ಷ ಹೊಸ ಮಾದರಿಯ ಟ್ರಾಕ್ಟರ್ ಬಿಡುಗಡೆಯ ಕಾರ್ಯಕ್ರಮವಿತ್ತು. ಅದಕ್ಕೂ ಹಿಂದಿನ ಸಲ ಹಂಚಿದ ಕರಪತ್ರಗಳನ್ನು ಜನ ಗೇಟು ದಾಟುವುದರೊಳಗೆ ಬಿಸಾಡಿದ್ದರು.

"ಈ ಸಲ ಜನ ಮನೆಗೆ ತಗೊಂಡ್ಹೋಗೋ ಅಂಥದ್ದು ಏನಾದ್ರೂ ಕೊಡ್ಬೇಕು" ಎಂದರು ಮಾಲೀಕರು.

"ಸಕ್ಕರೆ ಅಚ್ಚಲ್ಲಿ ಟ್ರಾಕ್ಟರ್ ಮಾಡಿಸಿದ್ರೆ ಹೆಂಗೆ ಸಾರ್? ನಮ್ಮಮ್ಮ ಮಾಡ್ತಾರೆ" ಎಂದುಬಿಟ್ಟೆ.

ಅಮ್ಮ ಪ್ರತಿ ಸಂಕ್ರಾಂತಿಗೆ ನಮ್ಮೂರಿನ ಅರ್ಧ ಮನೆಗಳಿಗೆ ಸಕ್ಕರೆ ಅಚ್ಚು ಹೊಯ್ದುಕೊಡುವವಳು. ಗಿಳಿ, ಆನೆ, ತುಳಸಿಕಟ್ಟೆ ಎಲ್ಲ ಅವಳ ಕೈಗೆ ನೀರು ಕುಡಿದಷ್ಟು ಸಲೀಸು. ಟ್ರಾಕ್ಟರ್ ಎಂದಾಗ ಮಾತ್ರ ನಕ್ಕಳು. "ಅದಕ್ಕೆ ಅಚ್ಚು ಎಲ್ಲೈತೆ ಮಗಳೇ?"

ದೇವನಹಳ್ಳಿಯ ಆಚಾರಿಯೊಬ್ಬರು ಮರದ ಅಚ್ಚು ಕೆತ್ತಿಕೊಟ್ಟರು. ಚಕ್ರ, ಬಾನೆಟ್ಟು, ಪಕ್ಕದಲ್ಲಿ ಕಂಪನಿಯ ಹೆಸರು. ಭಾನುವಾರ ಅಮ್ಮ ಅಚ್ಚನ್ನು ನೀರಿನಲ್ಲಿ ನೆನೆಸಿ, ಸಕ್ಕರೆಗೆ ಹಾಲು ಬಿಟ್ಟು ಕೊಳೆ ತೆಗೆದು, ಪಾಕ ಬೆಳ್ಳಗಾಗುವವರೆಗೆ ತಿರುವಿ ಹೊಯ್ದಳು. ಆರಿದ ಮೇಲೆ ಬಿಡಿಸಿ ನೋಡಿದರೆ ಟ್ರಾಕ್ಟರ್ ಚೆನ್ನಾಗಿಯೇ ಬಂದಿತ್ತು, ಹೆಸರು ಉಲ್ಟಾ ಆಗಿತ್ತು. ಅಚ್ಚಿನಲ್ಲಿ ಅಕ್ಷರಗಳನ್ನು ತಿರುಗಿಸಿ ಕೆತ್ತಬೇಕೆಂದು ಆಚಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕಾರ್ಯಕ್ರಮಕ್ಕೆ ಒಂದು ವಾರವಷ್ಟೇ ಇತ್ತು. ನನಗೆ ಅಳುವೇ ಬಂತು.

ಅಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಹೆಸ್ರು ಯಾಕ್ಬೇಕೇ? ಗಣಪತಿ ಬೆನ್ಮೇಲೆ ಗಣಪತಿ ಅಂತ ಬರೀತೀವಾ? ಅದನ್ನ ಮುಚ್ಚಿಸ್ಬಿಡು. ಮುಂದಿನ ಮೂತಿ ಸರಿಯಾಗಿ ಕೆತ್ಲಿ, ಸಾಕು."

ಆಚಾರಿ ಅಕ್ಷರಗಳಿದ್ದ ಜಾಗಕ್ಕೆ ತೆಳ್ಳನೆಯ ಮರದ ಪಟ್ಟಿ ಕೂರಿಸಿದರು, ಮೂತಿಯನ್ನು ಇನ್ನಷ್ಟು ಆಳವಾಗಿ ಕೆತ್ತಿದರು. ಎರಡನೆಯ ಸಲದ ಟ್ರಾಕ್ಟರನ್ನು ಮಾಲೀಕರ ಮೇಜಿನ ಮೇಲಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ, "ಹೆಸ್ರೇ ಇಲ್ದಿದ್ರೆ ಪ್ರಚಾರ ಹೆಂಗಮ್ಮಾ?" ಎಂದರು. ಸರ್ವಿಸ್‌ಗೆಂದು ಬಂದಿದ್ದ ರೈತರೊಬ್ಬರು ಅಲ್ಲೇ ನಿಂತಿದ್ದರು. ಬಗ್ಗಿ ನೋಡಿ, "ಇದು ನಿಮ್ ಕಂಪ್ನಿ ಗಾಡೀನೇ ಅಲ್ವಾ?" ಎಂದರು. ಮಾಲೀಕರು ಒಪ್ಪಿಕೊಂಡರು. ಹೆಸರನ್ನು ಪೊಟ್ಟಣದ ಮೇಲೆ ಹಾಕಿಸಿದೆವು.

ಕಾರ್ಯಕ್ರಮದ ದಿನ ಅಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ಬಂದವರಲ್ಲಿ ಯಾರೂ ಸಕ್ಕರೆ ಟ್ರಾಕ್ಟರನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳಲಿಲ್ಲ. ಮುರಿಯದಂತೆ ಅಂಗಿಯ ಜೇಬಿಗಿಳಿಸಿದರು, ಟವೆಲಿನಲ್ಲಿ ಸುತ್ತಿಕೊಂಡರು. ಹಿರಿಯರೊಬ್ಬರು ವಾಪಸು ಬಂದು, "ಇನ್ನೊಂದು ಕೊಡವ್ವಾ. ಇಬ್ರು ಮೊಮ್ಮಕ್ಳು, ಒಂದೇ ಕೊಟ್ರೆ ಮನೇಲಿ ಯುದ್ಧ" ಎಂದರು. ಅಂಗಳದಲ್ಲಿ ಒಂದೇ ಒಂದು ಪೊಟ್ಟಣವೂ ಬಿದ್ದಿರಲಿಲ್ಲ.

ಕೊನೆಗೆ ಮಾಲೀಕರು ಮೈಕಿನಲ್ಲಿ, "ಇದನ್ನ ಮಾಡಿದ್ದು ಈ ಅಮ್ಮ" ಎಂದು ಹೇಳಿ ಅವಳ ಕೈಗೇ ಮೈಕು ಕೊಟ್ಟರು. ಜೀವಮಾನದಲ್ಲಿ ಮೈಕು ಹಿಡಿದವಳಲ್ಲ. ಎದ್ದು ನಿಂತು, "ಇರುವೆ ಮುತ್ತದಂಗೆ ನೋಡ್ಕಳಿ" ಎಂದಳು. ಇಡೀ ಷಾಮಿಯಾನ ನಕ್ಕು ಚಪ್ಪಾಳೆ ತಟ್ಟಿತು. ನಾನು ಪಕ್ಕದಲ್ಲಿದ್ದವರಿಗೆಲ್ಲ, ಕೇಳದಿದ್ದವರಿಗೂ, "ನಮ್ಮಮ್ಮ" ಎಂದು ಹೇಳುತ್ತಿದ್ದೆ.

ಈಗ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನವರಿಗೆ ಸಕ್ಕರೆಯ ವಿಮಾನ ಬೇಕಂತೆ. ರೆಕ್ಕೆ ಮುರಿಯದಂತೆ ಹೊಯ್ಯುವುದು ಹೇಗೆಂದು ಅಮ್ಮ ಮೂರು ದಿನದಿಂದ ಒದ್ದಾಡುತ್ತಿದ್ದಾಳೆ. ಪಕ್ಕದ ಮನೆಯವರು ಮಾತಿಗೆ ಕರೆದರೆ, "ಈಗ್ ಬರಕ್ಕಾಗಲ್ಲ ಕಣಕ್ಕಾ, ಕಂಪ್ನಿ ಕೆಲ್ಸ ಐತೆ" ಎನ್ನುತ್ತಾಳೆ.