ರೆಪ್ಪೆ ಎತ್ತಿ ನೋಡಿದಾಗ

1979ರಲ್ಲಿ ನಾನು ಕೊಟ್ಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಹರಪನಹಳ್ಳಿಯ ಯೋಗ ಶಿಬಿರವೊಂದರಲ್ಲಿ ಹತ್ತು ದಿನ ಶವಾಸನ ಹೇಳಿಕೊಡುವುದನ್ನು ಕಲಿತಿದ್ದೆ. ರೋಗಿಯನ್ನು ಮಲಗಿಸಿ, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಸಡಿಲ ಬಿಡುವಂತೆ ಮೆಲುದನಿಯಲ್ಲಿ ಹೇಳುತ್ತ ಹೋಗುವುದು. ಸೂಜಿಗೆ ಹೆದರುವವರು, ನಿದ್ದೆ ಬಾರದವರು ಎದ್ದಾಗ ಮನಸ್ಸು ಹಗುರಾಯಿತು ಎನ್ನುತ್ತಿದ್ದರು. ಆ ಹೊಗಳಿಕೆ ನನ್ನ ತಲೆಗೇರಿತ್ತು.

ಒಂದು ಬೆಳಿಗ್ಗೆ ನಮ್ಮ ಡಾಕ್ಟರು ಮೀಟಿಂಗಿಗೆಂದು ಕೂಡ್ಲಿಗಿಗೆ ಹೋಗಿದ್ದರು. ಪಂಪ್‌ಸೆಟ್ ಮೆಕ್ಯಾನಿಕ್ ಖಾಸಿಂಸಾಬನನ್ನು ಅವನ ಹೆಂಡತಿ ಫಾತಿಮಾ ಕರೆತಂದಳು. ಮೋಟರಿನ ಹಿಂದೆ ಕೈಯಿಟ್ಟಾಗ ಏನೋ ಕಚ್ಚಿತ್ತು. ಮುಂಗೈ ಮೇಲೆ ಸಣ್ಣ ಗಾಯ, ಬಾವು ಹೆಚ್ಚಿರಲಿಲ್ಲ. ಆದರೆ ಆತ ಗಡಗಡ ನಡುಗುತ್ತಿದ್ದ.

“ಹಾವು ಕಂಡ್ಯಾ?”

“ಕಾಣಲಿಲ್ರಿ. ಎದಿ ಮಾತ್ರ ಡವಡವ ಅನ್ನಾಕತ್ತೈತಿ.”

“ಕರೆಂಟಿಗೇ ಅಂಜಲ್ದ ಮನಷ್ಯಾರು, ಇವತ್ತು ನಡಗಾದು ನೋಡ್ರಿ,” ಎಂದು ಫಾತಿಮಾ ನಗಲು ನೋಡಿದಳು, ಆಗಲಿಲ್ಲ.

ಇಲಿಯೋ ಚೇಳೋ ಇರಬೇಕು, ಉಳಿದದ್ದು ಬರೀ ಭಯ ಎಂದು ನಾನೇ ತೀರ್ಮಾನಿಸಿದೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ನಮ್ಮಲ್ಲಿರಲಿಲ್ಲ. ಅದಕ್ಕೆ ಹಗರಿಬೊಮ್ಮನಹಳ್ಳಿಗೇ ಹೋಗಬೇಕಿತ್ತು. ನಾನು ಆತನನ್ನು ಮಲಗಿಸಿ ಶುರುಮಾಡಿದೆ.

“ಕಣ್ರೆಪ್ಪಿ ಭಾರ ಆಗಾಕತ್ತಾವು...”

“ಆಗ್ಯಾವ್ರಿ,” ಎಂದ. ನನಗೆ ಹೆಮ್ಮೆಯಾಯಿತು.

ಇಪ್ಪತ್ತು ನಿಮಿಷದಲ್ಲಿ ನಡುಕ ನಿಂತು ಮುಖ ಶಾಂತವಾಯಿತು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು.

“ಹಗರಿಬೊಮ್ಮನಹಳ್ಳಿ ಬಸ್ ಬಂತ್ರಿ. ದೊಡ್ಡ ದವಾಖಾನಿಗೆ ಕರಕೊಂಡು ಹೋಗಲೇನ್ರಿ?” ಎಂದು ಫಾತಿಮಾ ಕೇಳಿದಳು.

“ಈಗರ ಆರಾಮ ಆಗ್ಯಾನ. ಎಬ್ಬಿಸಬ್ಯಾಡ ತಂಗೆಮ್ಮ.”

ಬಸ್ಸು ಹೋಯಿತು.

ಸ್ವಲ್ಪ ಹೊತ್ತಿಗೆ ಆಕೆ, “ಎಂಜಲು ಸೋರಾಕತ್ತೈತ್ರಿ. ಕರದ್ರ ಹೂಂ ಅನವಲ್ರು,” ಎಂದಳು. ನಾನು ಆತನ ರೆಪ್ಪೆ ಎತ್ತಿ ನೋಡಿದೆ. ನಿದ್ದೆಯ ಕಣ್ಣಲ್ಲ ಅದು. ಭಯದಿಂದ ನನ್ನನ್ನೇ ನೋಡುತ್ತಿತ್ತು. ಬೆರಳು ತೆಗೆದೊಡನೆ ರೆಪ್ಪೆ ಬಿತ್ತು. ನಾಗರಹಾವಿನ ವಿಷ ರೆಪ್ಪೆಯನ್ನು, ನಾಲಿಗೆಯನ್ನು, ಕೊನೆಗೆ ಉಸಿರನ್ನು ಸೋಲಿಸುತ್ತದೆ ಎಂದು ಡಾಕ್ಟರು ಹೇಳಿದ್ದು ಆಗ ನೆನಪಾಯಿತು.

ಶೇಂಗಾ ಲಾರಿಯೊಂದನ್ನು ತಡೆದು ಹತ್ತಿಸಿದೆವು. ದಾರಿಯುದ್ದಕ್ಕೂ ಆತನ ಎದೆ ಏಳುವುದನ್ನೇ ನೋಡುತ್ತ ಕೂತೆ. ಹಗರಿಬೊಮ್ಮನಹಳ್ಳಿ ಮುಟ್ಟಿದಾಗ ಉಸಿರು ಇನ್ನೂ ಇತ್ತು. ನಿಮ್ಮಲ್ಲಿಗೆ ಯಾವಾಗ ಬಂದರು ಎಂದು ಅಲ್ಲಿನ ಡಾಕ್ಟರು ಕೇಳಿದರು.

“ಬಂದ ಕೂಡ್ಲೆ ಕರಕೊಂಡು ಬಂದೀನ್ರಿ,” ಎಂದೆ. ಫಾತಿಮಾ ನನ್ನತ್ತ ಒಮ್ಮೆ ನೋಡಿ ಗಂಡನ ಕಡೆ ತಿರುಗಿದಳು.

ಅಲ್ಲಿ ವಿಷದ ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನ ಖಾಸಿಂಸಾಬ್ ಮಾತಾಡಿದ. “ನೀವು ಅಂದಿದ್ದೆಲ್ಲ ಕೇಳಸ್ತಿತ್ರಿ. ಬಸ್ ಹೋಗಿದ್ದೂ ಗೊತ್ತಾತು. ಎಬ್ಬಸ್ರಿ ಅಂತ ಒದರಾಕ ನಾಲಿಗಿ ಏಳಲಿಲ್ಲ.”

ತಪ್ಪಾಯಿತು ಎನ್ನಲು ನನ್ನ ನಾಲಿಗೆಯೂ ಏಳಲಿಲ್ಲ. ಊರಲ್ಲಿ ಕಂಪೌಂಡರ್ ಜೀವ ಉಳಿಸಿದ ಎಂದೇ ಸುದ್ದಿಯಾಯಿತು, ಅದನ್ನೂ ಅಲ್ಲಗಳೆಯಲಿಲ್ಲ. ಇಷ್ಟು ವರ್ಷಗಳ ಮೇಲೆ ಈಗ ಬರೆಯುತ್ತಿದ್ದೇನೆ.

ಆಮೇಲೂ ಶವಾಸನ ಹೇಳಿಕೊಟ್ಟೆ. ಆದರೆ ಡಾಕ್ಟರು ಪರೀಕ್ಷಿಸಿದ ಮೇಲೆ ಮಾತ್ರ. ಅದೂ ನಡುನಡುವೆ ಕಣ್ಣು ತೆರೆಸಿ, ಹೆಸರು ಹೇಳಿಸಿ. ಅಲುಗದೆ ಮಲಗಿದವನಿಗೆ ಸಮಾಧಾನವಾಗಿದೆ ಎಂದು ನಾವು ಹೇಳಬಾರದು, ಅವನೇ ಹೇಳಬೇಕು.