ಲಂಡನ್ ಹೋಗಿ ಏರ್ ಫ್ರೈಯರ್ ಆದದ್ದು

ವಿಮಾನಗಳ ವಿಷಯದಲ್ಲಿ ನಮ್ಮ ತೋವಾ ಪಾಯೋ ಬಡಾವಣೆಗೆಲ್ಲ ಮೋಕ್ ವೆಂಗ್ ಫಾಯ್ ಒಬ್ಬನೇ ಪಂಡಿತ. ಉದ್ಯೋಗ ಮಾತ್ರ ಲಿಫ್ಟ್ ರಿಪೇರಿ. ಸಿಂಗಪುರದ ಸರ್ಕಾರಿ ಬ್ಲಾಕುಗಳ ಲಿಫ್ಟುಗಳನ್ನು ಇಪ್ಪತ್ತೆಂಟು ವರ್ಷ ಏರಿಸಿ ಇಳಿಸಿದವನು ತಾನು ಆಕಾಶಕ್ಕೆ ಏರಿದ್ದು ಹೆಚ್ಚೆಂದರೆ ನಾಲ್ಕು ಸಲ. ಆದರೂ ವಿಮಾನ ಕಂಪನಿಯಲ್ಲಿ ಅವನ ಹೆಸರಿಗೆ ಎರಡು ಲಕ್ಷ ಮೈಲು ಜಮೆಯಾಗಿತ್ತು. ನೆಲ ಬಿಡದೆ ಅಷ್ಟು ದೂರ ಹಾರಿದ ವೀರನನ್ನು ನಾನು ಬೇರೆ ಕಂಡಿಲ್ಲ.

ಅವನ ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದಷ್ಟೂ ಕಂಪನಿ ಮೈಲು ಕೊಡುತ್ತಿತ್ತು. ಮೈಲು ಸಾಕಷ್ಟು ಕೂಡಿದರೆ ಟಿಕೆಟ್ಟು. ಆದರೆ ಮದುವೆಯಾಗದ ಒಂಟಿ ಮನುಷ್ಯ, ಮೂರು ಹೊತ್ತೂ ಬ್ಲಾಕಿನ ಕೆಳಗಿನ ಕಾಫಿ ಅಂಗಡಿಯಲ್ಲಿ ತಿನ್ನುವವನು, ಎಷ್ಟು ತಾನೇ ಖರ್ಚು ಮಾಡಿಯಾನು? ಹಾಗಾಗಿ ಅವನು ಪರರ ಬಿಲ್ಲುಗಳ ಮೇಲೆ ದಂಡೆತ್ತಿ ಹೊರಟ. ನಮ್ಮಲ್ಲಿ ಊಟ ಮುಗಿದ ಮೇಲೆ ಬಿಲ್ಲಿಗಾಗಿ ತೋಳು ಹಿಡಿದು ಎಳೆದಾಡುವುದು ಮರ್ಯಾದೆ. ಎಳೆದಾಡಿ ಗೆದ್ದವನು ಜೇಬು ಖಾಲಿ ಮಾಡಿಕೊಂಡು ಮನೆಗೆ ಹೋಗುತ್ತಾನೆ. ವೆಂಗ್ ಫಾಯ್ ಆ ಯುದ್ಧಗಳಲ್ಲಿ ಒಮ್ಮೆಯೂ ಸೋತವನಲ್ಲ. ಹಣ್ಣಿನ ತಟ್ಟೆ ಬರುವ ಮೊದಲೇ ಕೈ ತೊಳೆಯಲು ಹೋಗುವವನಂತೆ ಎದ್ದು, ಗಲ್ಲಾದ ಬಳಿ ಕಾರ್ಡು ಉಜ್ಜಿ, ಏನೂ ಆಗದವನಂತೆ ಬಂದು ಕೂರುತ್ತಿದ್ದ. ಹೋಟೆಲಿನ ಹುಡುಗಿಯರು ಅವನನ್ನು ಮಹಾದಾನಿಯೆಂದು ಬಗೆದು ಬಾಗಿಲವರೆಗೂ ಬಂದು ಬೀಳ್ಕೊಡುತ್ತಿದ್ದರು. ಬಾಗಿಲು ದಾಟಿದ್ದೇ ತಡ, ನಮ್ಮ ಫೋನುಗಳು ಒಂದೊಂದಾಗಿ ಕಿಣಿಕಿಣಿ ಎನ್ನುತ್ತಿದ್ದವು. ನಿಮ್ಮ ಪಾಲು ಇಷ್ಟಾಯಿತು, ಈಗಲೇ ಕಳಿಸಿ.

ನಾವು ನಗುತ್ತ ಕಳಿಸುತ್ತಿದ್ದೆವು. ಆ ಮೈಲುಗಳು ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಅವು ಕಾಜೆಯವು.

ಕಾಜೆ ಎಂದರೆ ನಮ್ಮ ಮಾತಿನಲ್ಲಿ ಹಿರಿಯಕ್ಕ. ವೆಂಗ್ ಫಾಯ್‌ನ ಅಕ್ಕ ಯೋಕ್ ಲಾನ್ ಅವನೊಬ್ಬನಿಗಲ್ಲ, ಇಡೀ ಬ್ಲಾಕಿಗೇ ಕಾಜೆ. ತಾಯಿ ತೀರಿಕೊಂಡಾಗ ಆಕೆಗೆ ಹದಿನೈದು, ತಮ್ಮನಿಗೆ ಮೂರು. ಶಾಲೆ ಬಿಟ್ಟು ಅವನನ್ನು ಬೆಳೆಸಿದಳು. ಆಮೇಲೆ ವಿಮಾನಗಳಿಗೆ ಊಟ ಕಟ್ಟುವ ದೊಡ್ಡ ಅಡುಗೆಮನೆಯೊಂದನ್ನು ಸೇರಿದಳು. ಅಲ್ಲಿ ಆಕೆಗೆ ಒಂದೇ ಕೆಲಸ: ಮುಂದಿನ ಸೀಟಿನ ದೊಡ್ಡವರಿಗಾಗಿ ಒಂದು ಫೋರ್ಕು, ಒಂದು ಚಾಕು, ಒಂದು ಚಮಚವನ್ನು ಬಿಳಿಯ ಬಟ್ಟೆಯ ಕರವಸ್ತ್ರದಲ್ಲಿ ಸುರುಳಿ ಸುತ್ತುವುದು. ಮೂವತ್ತೊಂದು ವರ್ಷ ಸುತ್ತಿದಳು. ಆಕೆ ಸುತ್ತಿದ ಫೋರ್ಕುಗಳು ಸಪ್ತಸಾಗರ ದಾಟಿದವು. ಆಕೆ ಬಸ್ ಸ್ಟಾಪು ದಾಟಲಿಲ್ಲ.

ನಿವೃತ್ತಿಯ ಊಟದ ದಿನ ನಾವೆಲ್ಲ ಕೇಳಿದೆವು, ಇನ್ನೇನು ಆಸೆ ಅಂತ. ಕಾಜೆ ನಾಚಿಕೊಂಡಳು.

"ಒಂದೇ ಒಂದು. ಮೋಡದ ಮೇಲೆ ಕೂತ್ಕೊಂಡು ಆ ಸುರುಳಿ ಬಿಚ್ಚಿ ತಿನ್ನಬೇಕು. ಇಷ್ಟು ವರ್ಷ ಸುತ್ತಿದ್ದೇ ಆಯ್ತು, ಒಂದು ದಿನಾನೂ ಬಿಚ್ಚಿಲ್ಲ. ಪೆನಾಂಗ್‌ವರೆಗೆ ಹೋದ್ರೂ ಸಾಕು."

"ಪೆನಾಂಗಾ!" ವೆಂಗ್ ಫಾಯ್ ಕುರ್ಚಿ ತಳ್ಳಿ ಎದ್ದು ನಿಂತ. "ಒಂದೂಕಾಲು ಗಂಟೆ ದಾರಿಗೆ ಮೈಲು ಸುಡೋದಾ? ಪಾಪ ಬರುತ್ತೆ ಕಾಜೆ! ಲಂಡನ್‌ಗೆ ಕರ್ಕೊಂಡು ಹೋಗ್ತೀನಿ ನಿನ್ನ. ಮುಂದಿನ ಸೀಟು. ಹಾಸಿಗೆ ಥರ ಚಾಚ್ಕೊಂಡು ಮಲಗೋ ಸೀಟು. ನಿನಗೆ ಎಪ್ಪತ್ತು ತುಂಬೋದ್ರೊಳಗೆ!"

"ನನ್ನ ಬಸ್ಸಲ್ಲಿ ಎಲ್ರೂ ಮಲಗೇ ಇರ್ತಿದ್ರು," ಎಂದ ಮಣಿಯಂ. ಬಸ್ ಓಡಿಸಿ ನಿವೃತ್ತನಾದವನು ಅವನು. "ಒಬ್ನಾದ್ರೂ ಮೈಲು ಕೇಳಿದ್ನಾ?"

ನಕ್ಕೆವು. ಆದರೆ ಅಂದಿನಿಂದ ನಮ್ಮ ಬಿಲ್ಲುಗಳೆಲ್ಲ ಕಾಜೆಯ ಹರಕೆಯಾದವು. ಮಣಿಯಂ ಫ್ರಿಜ್ಜು ಕೊಂಡಾಗ ವೆಂಗ್ ಫಾಯ್‌ನ ಕಾರ್ಡಿನಲ್ಲೇ ಕೊಂಡ. ನನ್ನ ಮಗಳ ಮದುವೆಯ ಔತಣ ಇಪ್ಪತ್ತೆರಡು ಮೇಜಿನದ್ದು. ಆ ಸಂಜೆ ಅವನು ಗಲ್ಲಾದ ಪಕ್ಕದಲ್ಲಿ ಕಾರ್ಡನ್ನು ಒರೆಯಿಂದ ಹಿರಿದ ಕತ್ತಿಯಂತೆ ಹಿಡಿದು ನಿಂತಿದ್ದ ಭಂಗಿಯ ಮುಂದೆ ಮದುಮಗನ ಠೀವಿ ಸಪ್ಪೆಯಾಗಿತ್ತು.

ಎರಡು ಲಕ್ಷ ಕೂಡಿದ್ದು ಹೀಗೆ. ಕರಗಿದ ಕಥೆ ಬೇರೆ.

ಮೈಲುಗಳಿಗೆ ಮೂರೇ ವರ್ಷ ಆಯುಷ್ಯ. ತಿಂಗಳ ಕೊನೆಯ ದಿನ ಮುದಿ ಮೈಲುಗಳು ಸಾಯುತ್ತವೆ. ಲಂಡನ್ನಿನ ಮುಂದಿನ ಸೀಟು ಮೈಲು ಕೊಟ್ಟರೆ ಸಿಗುವುದು ಅಪರೂಪ. ಸಿಕ್ಕರೂ ವೆಂಗ್ ಫಾಯ್‌ಗೆ ಒಪ್ಪಿಗೆಯಿಲ್ಲ. ಇನ್ನೂ ಕಡಿಮೆ ಮೈಲುಗಳಿಗೆ ಬಿಟ್ಟಾರು, ತಡಿ ಎನ್ನುತ್ತಿದ್ದ. ತಡೆಯುತ್ತಿದ್ದಂತೆಯೇ ಕಂಪನಿಯಿಂದ ಸಂದೇಶ: ಈ ತಿಂಗಳು ನಿಮ್ಮ ಆರು ಸಾವಿರದ ನಾನೂರು ಮೈಲು ಅಳಿಯಲಿವೆ. ನಮ್ಮ ಊರಿನವರು ಕ್ಯೂ ಕಂಡರೆ ಮೊದಲು ನಿಂತು ಆಮೇಲೆ ಏನು ಕೊಡುತ್ತಿದ್ದಾರೆಂದು ಕೇಳುವ ಜನ. ಕೈಗೆ ಬಂದದ್ದು ಹೋಗುವುದೆಂದರೆ ನಮಗೆ ಮೈಮೇಲೆ ಬಿಸಿನೀರು ಬಿದ್ದ ಹಾಗೆ. ಕಂಪನಿಯವರದೇ ಒಂದು ಆನ್‌ಲೈನ್ ಅಂಗಡಿಯಿತ್ತು, ಅಲ್ಲಿ ದುಡ್ಡಿನ ಬದಲು ಮೈಲು ನಡೆಯುತ್ತಿತ್ತು.

ಸೋಜಿಗವೆಂದರೆ, ಆ ಅಂಗಡಿಯನ್ನು ಅವನಷ್ಟು ಹೀಯಾಳಿಸಿದವರಿಲ್ಲ. "ಮೈಲು ಕೊಟ್ಟು ಪಾತ್ರೆ ತಗೊಳೋನು ಚಿನ್ನನ ಹಿತ್ತಾಳೆ ರೇಟಿಗೆ ಮಾರೋನು," ಎಂದು ಕಾಫಿ ಅಂಗಡಿಯಲ್ಲಿ ಉಪನ್ಯಾಸ ಮಾಡುತ್ತಿದ್ದ. ಅಂಥವನು ಅಲ್ಲಿ ಮೊದಲು ಕೊಂಡದ್ದು ಒಂದು ಸೂಟ್‌ಕೇಸು. ಕಾಜೆಯ ಲಂಡನ್ನಿಗೆ ಬೇಕೇ ಬೇಕಲ್ಲ, ತಪ್ಪೇನು? ಮುಂದಿನ ತಿಂಗಳು ಕತ್ತಿನ ದಿಂಬು. ಅದೂ ಕಾಜೆಗೇ. ಅದರ ಮುಂದಿನ ತಿಂಗಳು ಎಣ್ಣೆಯಿಲ್ಲದೆ ಕರಿಯುವ ಏರ್ ಫ್ರೈಯರ್. ಅದು ಯಾರಿಗೆ ಎಂದು ಅವನಿಗೇ ತಿಳಿಯಲಿಲ್ಲ. ಆಮೇಲೆ ನೆಲ ಗುಡಿಸಿ ಒರೆಸುವ ಯಂತ್ರ, ಪಾದ ಒತ್ತುವ ಯಂತ್ರ, ಇನ್ನೊಂದು ಏರ್ ಫ್ರೈಯರ್. ಮೊದಮೊದಲು ಸಾಯುವ ಮೈಲುಗಳನ್ನು ಉಳಿಸಲು ಕೊಳ್ಳುತ್ತಿದ್ದ. ಬೆರಳಿಗೆ ರುಚಿ ಹತ್ತಿದ ಮೇಲೆ ಎಳೆಯ ಮೈಲುಗಳನ್ನೂ ಬಿಡಲಿಲ್ಲ. ಒಲೆ ಹಚ್ಚದವನ ಮನೆಯಲ್ಲಿ ಒಂದು ರಾಜನ ಪಾಕಶಾಲೆಗೆ ಸಾಲುವಷ್ಟು ಸರಕು, ಡಬ್ಬಿ ಒಡೆಯದೆ, ಚಾವಣಿಯವರೆಗೆ ಎದ್ದು ನಿಂತಿತು.

ಇಲ್ಲಿ ನನ್ನದೂ ಒಂದು ಹೇಳಬೇಕು. ಹೊಸ ವರ್ಷದ ಹಬ್ಬಕ್ಕೆ ವೆಂಗ್ ಫಾಯ್ ನಮ್ಮ ಮನೆಗೆ ಒಂದು ಡಬ್ಬಿ ಹೊತ್ತು ತಂದ. ಮೇಜಿನ ನಡುವೆ ಸಾರು ಕುದಿಸಿ ಎಲ್ಲರೂ ಸುತ್ತ ಕೂತು ತಿನ್ನುವ ಕರೆಂಟಿನ ಪಾತ್ರೆ. ಡಬ್ಬಿಯ ಮೇಲೆ ಆ ಅಂಗಡಿಯ ಚೀಟಿ ಹಾಗೇ ಇತ್ತು.

"ಮೈಲಾ?" ಎಂದೆ.

"ಸಾಯೋ ಮೈಲು ಕಣೋ ಲೋಕ್. ಸತ್ತೇ ಹೋಗ್ತಿತ್ತು. ಕಾಜೇದು ಮುಟ್ಟಿಲ್ಲ."

ಸಾಯುವ ಮೈಲು ಬೇರೆ, ಕಾಜೆಯ ಮೈಲು ಬೇರೆ ಎಂದು ಇರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಪಾತ್ರೆ ಚೆನ್ನಾಗಿತ್ತು. ನಾನು ಅದರಲ್ಲಿ ಮೀನಿನ ಉಂಡೆ ಬೇಯಿಸಿಕೊಂಡು ತಿಂದೆ, ಬಾಯಿ ಬಿಡಲಿಲ್ಲ.

ಕಾಜೆಯ ಎಪ್ಪತ್ತನೇ ಹುಟ್ಟುಹಬ್ಬದ ಊಟಕ್ಕೆ ನಾವು ಎಂಟು ಮಂದಿ ದುಂಡು ಮೇಜಿನ ಸುತ್ತ ಕೂತಿದ್ದೆವು. ಆಯುಷ್ಯ ಉದ್ದವಾಗಲೆಂದು ತಿನ್ನುವ ನೂಡಲ್ಸು ಬಂತು, ಪೀಚ್ ಹಣ್ಣಿನ ಆಕಾರದ ಗುಲಾಬಿ ಬನ್ನುಗಳು ಬಂದವು. ಕಾಜೆ ಕೈಚೀಲದಿಂದ ಕರವಸ್ತ್ರ ಸುತ್ತಿದ ಏನನ್ನೋ ತೆಗೆದು, ಬಿಚ್ಚಿ, ಮೇಜಿನ ನಡುವಿನ ತಿರುಗುವ ಗಾಜಿನ ಮೇಲಿಟ್ಟಳು. ಹೊಚ್ಚ ಹೊಸ ಪಾಸ್‌ಪೋರ್ಟ್.

"ಯಾರಿಗೂ ಹೇಳದೆ ಮಾಡಿಸ್ದೆ," ಎಂದಳು. "ಇನ್ನೇನು ಹೋಗೋದೇ ಅಲ್ವಾ."

ಮಣಿಯಂ ಗಾಜು ತಿರುಗಿಸಿದ. ಪಾಸ್‌ಪೋರ್ಟ್ ಬಾತುಕೋಳಿ ಮಾಂಸದ ತಟ್ಟೆಯ ಪಕ್ಕದಲ್ಲಿ ಮೆರವಣಿಗೆ ಹೊರಟಿತು. ಪ್ರತಿಯೊಬ್ಬರೂ ತೆಗೆದು ನೋಡಿ ಮತ್ತೆ ಇಟ್ಟರು.

"ಫೋಟೋದಲ್ಲಿ ಏನ್ ಕಾಜೆ ಇದು, ಸಾಲ ವಸೂಲಿಗೆ ಬಂದೋರ ಥರ ಕಾಣ್ತೀರಾ!" ಎಂದರು ಯಾರೋ.

"ನಗಬೇಡಿ ಅಂದ್ರು ಕಣಪ್ಪಾ. ತಡ್ಕೊಳೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ!"

ಪಾಸ್‌ಪೋರ್ಟ್ ವೆಂಗ್ ಫಾಯ್‌ನ ಮುಂದೆ ಬಂದು ನಿಂತಿತು. ಅವನು ಎತ್ತಿಕೊಳ್ಳಲಿಲ್ಲ, ಮುಂದಕ್ಕೂ ತಿರುಗಿಸಲಿಲ್ಲ.

"ಹೇಳೋ ಪೈಲಟ್ಟು, ಯಾವತ್ತು ಹಾರೋದು?" ಎಂದ ಮಣಿಯಂ.

"ಕಾಜೆ... ಲಂಡನ್ ಇಲ್ಲ."

"ಅಲ್ಲೇ ಇರುತ್ತೆ ಬಿಡೋ, ಎಲ್ಲಿಗೆ ಹೋಗುತ್ತೆ?" ಮಣಿಯಂ ನಕ್ಕ.

"ಮೈಲು ಇಲ್ಲ." ಅವನ ಕಿವಿಗಳು ಗುಲಾಬಿ ಬನ್ನಿನ ಬಣ್ಣಕ್ಕೆ ತಿರುಗಿದ್ದವು. "ಸಾಮಾನು ತಗೊಂಡೆ."

"ಏನು ಸಾಮಾನು?"

"ಏರ್ ಫ್ರೈಯರ್."

"ಒಂದು ಏರ್ ಫ್ರೈಯರ್‌ಗೆ ಲಂಡನ್ ಹೋಯ್ತಾ?"

"ಎರಡು," ಎಂದ ವೆಂಗ್ ಫಾಯ್. ಆಮೇಲೆ ಉಳಿದದ್ದನ್ನೂ ಒಂದೊಂದಾಗಿ ಹೇಳಿದ. ಯಾರೂ ಚಾಪ್‌ಸ್ಟಿಕ್ ಎತ್ತಲಿಲ್ಲ.

"ನನ್ನ ಫ್ರಿಜ್ಜಿನ ಮೈಲು ಏನಾಯ್ತೋ?" ಮಣಿಯಂನ ದನಿ ಈಗ ತಮಾಷೆಯದಾಗಿರಲಿಲ್ಲ. "ಅಕ್ಕನಿಗೆ ಅಂತ ಕೊಟ್ಟಿದ್ದು ನಾನು. ಅದೇನಾಯ್ತು?"

"ನೆಲ ಒರೆಸೋ ಯಂತ್ರ."

ಎಲ್ಲರೂ ನನ್ನ ಕಡೆ ನೋಡಿದರು. ಇಪ್ಪತ್ತೆರಡು ಮೇಜಿನವನು ನಾನು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೇಳಬೇಕಾದವನು. ವೆಂಗ್ ಫಾಯ್ ಕೂಡ ನೋಡಿದ. ಅವನು ನನಗೆ ಕೊಟ್ಟ ಆ ಪಾತ್ರೆಯ ಹೆಸರನ್ನು ಮಾತ್ರ ಹೇಳಿರಲಿಲ್ಲ. ನಾನು ಚಹಾದ ಬಟ್ಟಲು ಎತ್ತಿ ಬಾಯಿಗಿಟ್ಟುಕೊಂಡೆ. ಅದು ಖಾಲಿಯಿತ್ತು. ಆದರೂ ಕುಡಿದೆ.

"ದುಡ್ಡು ಕೊಟ್ಟೇ ಟಿಕೆಟ್ ತೆಗೀತೀನಿ ಕಾಜೆ," ಎಂದ ಅವನು. "ನನ್ನ ಉಳಿತಾಯ ಇದೆ, ನಾಳೆನೇ..."

"ನಿನ್ನ ದುಡ್ಡು ಬೇಡ." ಕಾಜೆ ಒಂದು ಬನ್ನು ಮುರಿದು ಅರ್ಧ ಅವನ ತಟ್ಟೆಗೆ ಹಾಕಿದಳು, ಮೂರು ವರ್ಷದ ಮಗುವಿಗೆ ಹಾಕುವ ಹಾಗೆ. "ಇವರೆಲ್ಲ ನನಗೆ ಅಂತ ಕೊಟ್ಟಿದ್ರಲ್ಲ. ಅದ್ರಲ್ಲಿ ಎಷ್ಟು ಉಳಿದಿದೆ?"

"ಎಂಟು ಸಾವಿರ. ಹೆಚ್ಚುಕಮ್ಮಿ."

"ಅಷ್ಟಕ್ಕೆ ಎಲ್ಲಿಗೆ ಹೋಗಬಹುದು?"

ವೆಂಗ್ ಫಾಯ್ ತಟ್ಟೆಯಲ್ಲಿದ್ದ ಅರ್ಧ ಬನ್ನನ್ನು ಬೆರಳಿನಿಂದ ಅತ್ತಿತ್ತ ತಿರುಗಿಸಿದ. ಕೊನೆಗೆ ನಾನೇ ಹೇಳಿದೆ. "ಪೆನಾಂಗ್, ಕಾಜೆ. ಒಬ್ಬರಿಗೆ. ಹೋಗೋಕೆ ಮಾತ್ರ. ಹಿಂದಿನ ಸೀಟು."

"ಸರಿ," ಎಂದಳು ಕಾಜೆ. "ವಾಪಸ್ ಬಸ್ಸಲ್ಲಿ ಬಂದ್ರಾಯ್ತು."

ಪೆನಾಂಗಿನಲ್ಲಿ ಆಕೆಯನ್ನು ಎದುರುಗೊಳ್ಳಲು ವೆಂಗ್ ಫಾಯ್ ಹಿಂದಿನ ದಿನವೇ ಬಸ್ಸು ಹತ್ತಿದ. ಆ ಪಾತ್ರೆಯ ಋಣ ನನ್ನನ್ನೂ ಹತ್ತಿಸಿತು. ಹತ್ತು ಗಂಟೆಯ ದಾರಿ, ಎರಡೂ ಕಡೆ ತಾಳೆ ತೋಟ. ಎರಡು ಲಕ್ಷ ಮೈಲಿನ ವೀರ ಕಿಟಕಿಗೆ ಹಣೆ ಒತ್ತಿಕೊಂಡು ಒಂದೇ ಒಂದು ಮಾತಾಡಿದ.

"ಅವಳು ಆವತ್ತೇ ಪೆನಾಂಗ್ ಸಾಕು ಅಂದಿದ್ಲು, ಲೋಕ್. ಆವತ್ತು ಆಗಿದ್ರೆ ಮುಂದಿನ ಸೀಟೇ ಸಿಗ್ತಿತ್ತು. ಹೋಗೋಕೂ ಬರೋಕೂ."

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಬಾಗಿಲಿಂದ ಕಾಜೆ ಹೊರಗೆ ಬಂದಳು. ಕತ್ತಿಗೆ ಆ ದಿಂಬು. ಹಿಂದೆ ಲಂಡನ್ನಿನ ಸೂಟ್‌ಕೇಸು. ಒಳಗೆ ಒಂದೇ ಜೊತೆ ಬಟ್ಟೆ ಇದ್ದದ್ದರಿಂದ ಅದು ಖಾಲಿ ಡಬ್ಬದಂತೆ ಗಡಗಡ ಸದ್ದು ಮಾಡುತ್ತಿತ್ತು. ವೆಂಗ್ ಫಾಯ್ ಓಡಿಹೋಗಿ ಹಿಡಿಕೆ ತೆಗೆದುಕೊಂಡ. ಆಮೇಲೆ ಆ ಗಡಗಡ ಅವನ ಹಿಂದೆ ಬಂತು.

ಆಸಂ ಲಕ್ಸಾ ಮಾರುವ ಅಂಗಡಿಯೊಂದರಲ್ಲಿ ಕೂತೆವು. ಹುಳಿ ಮೀನುಸಾರಿನ ಬಟ್ಟಲುಗಳು ಬಂದ ಮೇಲೆ ನಾನೇ ಕೇಳಿದೆ, ಅವನು ಕೇಳಲಾರನೆಂದು ಗೊತ್ತಿತ್ತು.

"ಊಟ ಕೊಟ್ರಾ ಕಾಜೆ?"

"ಇಷ್ಟು ಹತ್ತಿರಕ್ಕೆ ಎಲ್ಲಿ ಊಟ! ಒಂದು ಲೋಟ ಜ್ಯೂಸು, ಒಂದು ಪೊಟ್ಟಣ ಕಡಲೆಬೀಜ. ಒಂದು ಫೋರ್ಕು ಕೊಡಮ್ಮಾ ಅಂದೆ. ಕಡಲೆಬೀಜಕ್ಕೆ ಫೋರ್ಕಾ ಆಂಟಿ ಅಂದ್ಲು ಆ ಹುಡುಗಿ. ಮೂವತ್ತೊಂದು ವರ್ಷ ನಾನೇ ಸುತ್ತಿದ್ದು ಕಣಮ್ಮಾ ಅಂದೆ. ಮುಂದಿನ ಸೀಟಿನೋರ ಪರದೆ ಆಚೆ ಹೋಗಿ ಒಂದು ಸುರುಳಿ ತಂದುಕೊಟ್ಲು."

"ಬಿಚ್ಚಿದ್ರಾ?"

"ಬಿಚ್ಚಿದೆ. ಸಡಿಲ ಸುತ್ತಿದ್ರು. ಈಗಿನೋರಿಗೆ ಹೇಳಿಕೊಡೋರಿಲ್ಲ ಅನ್ಸುತ್ತೆ." ಕಾಜೆ ಸಾರು ಹೀರಿದಳು. "ಒಂದೊಂದೇ ಬೀಜನ ಫೋರ್ಕಲ್ಲಿ ಎತ್ಕೊಂಡು ತಿಂದೆ. ಹದಿನೇಳಿತ್ತು. ಇಳಿಯೋವರೆಗೂ ಬಂತು. ಆಮೇಲೆ ಸರಿಯಾಗಿ ಸುತ್ತಿ ವಾಪಸ್ ಕೊಟ್ಟೆ."

ವೆಂಗ್ ಫಾಯ್‌ನ ಬಟ್ಟಲಿನಲ್ಲಿ ನೂಡಲ್ಸು ಹಾಗೇ ಇತ್ತು. ಸೂಟ್‌ಕೇಸನ್ನು ಮೇಜಿನಡಿಗೆ, ಇನ್ನೂ ಒಳಗೆ, ಕಾಲಿನಿಂದ ತಳ್ಳುತ್ತಿದ್ದ. ಅಷ್ಟು ದೊಡ್ಡದು ಅಲ್ಲಿ ಹಿಡಿಯುವಂತಿರಲಿಲ್ಲ.

ತಿಂದು ಮುಗಿಯುತ್ತಿದ್ದಂತೆ ಅಂಗಡಿಯಾಕೆ ನಮ್ಮ ಕಡೆ ನೋಡಿದಳು. ಹಳೆಯ ಚಾಳಿ, ಅವನ ಕಾಲುಗಳು ತಾವಾಗಿ ಎದ್ದವು. ಕೈಯಲ್ಲಿ ಕಾರ್ಡು ಹೊಳೆಯಿತು.

"ಕಾರ್ಡು ನಡೆಯಲ್ಲ ಅಂಕಲ್."

"ಕೂತ್ಕೋ ಫಾಯ್," ಎಂದಳು ಕಾಜೆ. ಅಷ್ಟರಲ್ಲಿ ಚಿಕ್ಕ ಪರ್ಸು ತೆಗೆದು ಮೂವರದ್ದೂ ಕೊಟ್ಟಾಗಿತ್ತು.

ಅವನು ಕೂತ. ಬಿಲ್ಲಿನ ಯುದ್ಧದಲ್ಲಿ ಮೊದಲ ಸಲ ಸೋತವನ ಮುಖ ನೋಡುವ ಚಪಲಕ್ಕೆ ನಾನು ತಲೆ ಎತ್ತಿದೆ. ಅವನೂ ಅದೇ ಹೊತ್ತಿಗೆ ನನ್ನ ಮುಖ ನೋಡಿದ. ಇಬ್ಬರೂ ತಲೆ ತಗ್ಗಿಸಿ, ಖಾಲಿಯಾದ ನನ್ನ ಬಟ್ಟಲನ್ನು ನಾನು, ತುಂಬಿದ್ದ ಅವನ ಬಟ್ಟಲನ್ನು ಅವನು ನೋಡುತ್ತ ಕೂತೆವು. ಕಾಜೆ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರ ತೆಗೆದು ಅವನ ಚಮಚವನ್ನು ಸುತ್ತತೊಡಗಿದಳು, ಬಿಗಿಯಾಗಿ.