ಹಲಸಿನ ಗಿಡದಲ್ಲೇ ಹೊಲಿದಿದ್ದ ಕೊಟ್ಟೆ

ಸ್ನೇಹಿತರೇ, ಸ್ಟಾಫ್ ರೂಮಿನ ಬೋರ್ಡಿಗೆ ಇದನ್ನು ಚುಚ್ಚಿದವನು ನಿಮ್ಮ ವಿಜ್ಞಾನದ ಮಾಸ್ಟ್ರು. ಓದಿ ನಗಿ, ಮಕ್ಕಳಿಗೆ ಮಾತ್ರ ಹೇಳಬೇಡಿ.

ನಾಳೆ ಅಷ್ಟಮಿ. ಕಡುಬು ಬೇಯಿಸಲು ನಾಲ್ಕು ಹಲಸಿನೆಲೆ ಸೇರಿಸಿ, ಕಡ್ಡಿ ಚುಚ್ಚಿ, ಹಿಟ್ಟು ಹೊಯ್ಯಲು ಬಟ್ಟಲಿನಂಥ ಕೊಟ್ಟೆ ಕಟ್ಟಬೇಕು. ಇಂದು ಬೆಳಿಗ್ಗೆ ಪರ್ಕಳದ ನನ್ನ ಬಾಡಿಗೆ ಮನೆಯ ಒಡತಿ ಗಿರಿಜಕ್ಕನಿಗೆ ನಾನೇ ಎಲೆ ಕೊಯ್ದುಕೊಡಲು ಹೋದೆ. ಹಿತ್ತಿಲ ಎಳೆಯ ಗಿಡದಲ್ಲಿ ಎರಡು ಎಲೆಗಳು ಆಗಲೇ ಅಂಚಿಗೆ ಅಂಚು ಕೂಡಿಕೊಂಡಿದ್ದವು. ಗಿರಿಜಕ್ಕ ಗಿಡದಲ್ಲೇ ಒಂದು ಕೊಟ್ಟೆ ಕಟ್ಟಿ ನೋಡಿರಬೇಕು ಎಂದುಕೊಂಡು ಕೈ ಹಾಕಿದೆ.

"ಮುಟ್ಟಬೇಡಿ ಮಾಸ್ಟ್ರೇ! ಅದರಲ್ಲಿ ಮರಿ ಉಂಟು!" ಗಿರಿಜಕ್ಕ ಹಿಂದಿನಿಂದ ಕೂಗಿದರು.

ಒಳಗೆ ಹತ್ತಿಯ ಮೇಲೆ ಮೂರು ಬಾಯಿಗಳು ತೆರೆದಿದ್ದವು. ಸಿಂಪಿಗ ಹಕ್ಕಿಯ ಗೂಡು! ಕೊಕ್ಕಿನಿಂದ ಎಲೆಗೆ ತೂತು ಕೊರೆದು, ಜೇಡರ ಬಲೆಯ ನೂಲಿನಲ್ಲಿ ಅದು ಹೊಲಿಯುವ ಬಗೆಯನ್ನು ಹೋದ ವಾರವಷ್ಟೇ ಚಿತ್ರ ಬಿಡಿಸಿ ಪಾಠ ಮಾಡಿದ್ದೆ.

"ತಾಯಿ ಹೆದರಿ ಹಾರಿಹೋಯಿತಲ್ಲ ಮಾರಾಯ್ರೆ. ಇನ್ನು ಬಾರದಿದ್ದರೆ ಎಂತ ಮಾಡುವುದು?"

ಇಬ್ಬರೂ ಅಡುಗೆಮನೆಯ ಕಿಟಕಿಯಲ್ಲಿ ಕಾದು ನಿಂತೆವು. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿಯುವ ಹೊತ್ತಿಗೆ ಬಾಲ ನಿಗುರಿಸಿಕೊಂಡು ಅದು ಬಂತು, ಕೊಕ್ಕಿನಲ್ಲಿ ಹಸಿರು ಹುಳ. ಗಿರಿಜಕ್ಕ ಆ ಗಿಡವನ್ನು ಹಕ್ಕಿಗೇ ಬಿಟ್ಟು ಪಕ್ಕದ ಮನೆಯಿಂದ ಎಲೆ ತಂದರು.

ಮಾಡಿದ ತಪ್ಪಿಗೆ ನಾನೂ ಕೊಟ್ಟೆ ಕಟ್ಟಲು ಕೂತೆ. ನನ್ನ ಮೊದಲ ಕೊಟ್ಟೆಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು.

"ಹಕ್ಕಿಯ ಕೊಟ್ಟೆಯಲ್ಲಿ ಮೂರು ಮರಿ ಬೆಳೆದು ಇನ್ನೊಂದು ವಾರದಲ್ಲಿ ಹಾರುತ್ತವೆ. ನಿಮ್ಮದರಲ್ಲಿ ಹಿಟ್ಟು ಕೂಡ ನಿಲ್ಲುವುದಿಲ್ಲ."

ನಾಡಿದ್ದು ಎಲ್ಲರಿಗೂ ಕಡುಬು ತರುತ್ತೇನೆ. ಆಕಾರವಿಲ್ಲದ್ದು ಯಾರ ಕೊಟ್ಟೆಯದೆಂದು ಕೇಳಬೇಡಿ.